ಕುರಿಗಣ್ಣಿನ ಮೇಷ್ಟ್ರು

ನಮ್ಮ ಬಯಾಲಜಿ ಮೇಷ್ಟ್ರ ಬಗ್ಗೆ ಬರೆಯೋಣವೆಂದು ಕೂತರೆ ಮೊಟ್ಟಮೊದಲು ಮೂಗಿಗೆ ಬರುವುದು ಕೊಳೆತ ಟೊಮೆಟೊ ವಾಸನೆ. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬೆಳಿಗ್ಗೆ ಹರಾಜು ಮುಗಿದ ಮೇಲೆ ನೆಲದಲ್ಲಿ ಉಳಿಯುವ ಒಡಕು, ಹುಳುಕು, ರಸ ಸೋರುವ ಹಣ್ಣುಗಳನ್ನು ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡು, ಬಸ್ಸು ಹತ್ತಿ, ಶಿಡ್ಲಘಟ್ಟದ ನಮ್ಮ ಜೂನಿಯರ್ ಕಾಲೇಜಿಗೆ ಬರುತ್ತಿದ್ದರು. ಸ್ಟಾಫ್ ರೂಮಿನ ಕಿಟಕಿಯ ಕಟ್ಟೆಯ ಮೇಲೆ ಅವರ ಗಾಜಿನ ಸೀಸೆಗಳು ಸಾಲಾಗಿ ನಿಂತಿರುತ್ತಿದ್ದವು. ಹಣ್ಣು ಹಾಕಿ, ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ತೆಳು ಬಟ್ಟೆ ಕಟ್ಟಿಬಿಡುವುದು. ನಾಲ್ಕಾರು ದಿನಕ್ಕೆ ಒಳಗೆಲ್ಲ ಬಿಳಿ ಹುಳು, ಇನ್ನೊಂದು ವಾರಕ್ಕೆ ಸಾಸಿವೆಯಷ್ಟು ನೊಣ. ಆ ಕಿಟಕಿಯ ಪಕ್ಕದ ಮೇಜು ನನ್ನದು.

ನಾನು ಕನ್ನಡ ಪಾಠ ಹೇಳುವವಳು. ಅನ್ನದಲ್ಲಿ ಕೂದಲು ಸಿಕ್ಕರೆ ಎರಡು ದಿನ ಊಟ ಸೇರದ ಹೆಂಗಸು. ಚಿಕ್ಕಬಳ್ಳಾಪುರದಿಂದ ಬರುವ ಬಸ್ಸು ಊರು ಮುಟ್ಟುವ ಮೊದಲೇ ರೇಷ್ಮೆಗೂಡು ಬೇಯಿಸುವ ಹಬೆ, ಬೆಂದ ಹುಳದ ನಾತ ಶುರುವಾಗಿ ನನ್ನ ಸೆರಗು ಮೂಗಿಗೆ ಹೋಗುತ್ತಿತ್ತು. ಅದನ್ನು ದಾಟಿ ಬಂದರೆ ಸ್ಟಾಫ್ ರೂಮಿನಲ್ಲಿ ಇವರ ಹುಳುಗಳು. ಹೇಸಿಗೆ ಪಡುವುದಕ್ಕೆಂದೇ ಹುಟ್ಟಿದವಳನ್ನು ಇಂಥ ಮನುಷ್ಯನ ಪಕ್ಕದಲ್ಲಿ ಕೂರಿಸಿದ ಪ್ರಿನ್ಸಿಪಾಲರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅವರದು ಸ್ಟೀಲಿನ ಟಿಫಿನ್ ಕ್ಯಾರಿಯರ್. ಒಂದು ಡಬ್ಬಿಯಲ್ಲಿ ಮೊಸರನ್ನ, ಒಂದರಲ್ಲಿ ಮಟನ್ ಅಂಗಡಿಯಿಂದ ತಂದ ಕುರಿಗಣ್ಣು. ಒಂದು ಸಲ ನನಗೆ ತೋರಿಸಬೇಕೆಂಬ ಉತ್ಸಾಹದಲ್ಲಿ, ಒಂದು ಕಣ್ಣನ್ನು ಬ್ಲೇಡಿನಿಂದ ಕೊಯ್ದು, ಒಳಗಿನ ಮಸೂರವನ್ನು ಇಕ್ಕಳದಲ್ಲಿ ಎತ್ತಿ ನನ್ನ ಮುಂದಿದ್ದ ನ್ಯೂಸ್ ಪೇಪರಿನ ಮೇಲೆ ಇಟ್ಟರು. ಅದರ ಕೆಳಗಿದ್ದ ಅಕ್ಷರ ದೊಡ್ಡದಾಗಿ ಕಂಡಿತು.

"ನೋಡಿ ಮೇಡಂ! ಸತ್ತು ಆರು ಗಂಟೆ ಆಗಿದೆ, ಇನ್ನೂ ಓದ್ತಾ ಐತೆ!" ಎಂದರು.

ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೊರಗೆ ಓಡಿದೆ. ತಿಂದಿದ್ದ ಚಿತ್ರಾನ್ನವೆಲ್ಲ ಕಾಲೇಜಿನ ಬೇವಿನ ಮರದ ಬುಡಕ್ಕೆ ಹೋಯಿತು. ಹುಡುಗರು ಅದನ್ನು ನೋಡಿ ನಕ್ಕರು; ಇವರಿಗೆ ಕುರಿಗಣ್ಣಿನ ಮೇಷ್ಟ್ರು ಅನ್ನುವ ಹೆಸರು ಆವತ್ತೇ ಬಿತ್ತು.

ಮೇಷ್ಟ್ರಿಗೆ ಇನ್ನೊಂದು ಕೆಟ್ಟ ಅಭ್ಯಾಸವಿತ್ತು. ಮಾತಾಡುವಾಗ ಮುಖದ ಹತ್ತಿರಕ್ಕೆ ಬಂದು ಕಣ್ಣನ್ನೇ ನೋಡುವುದು. ಹೆಂಗಸು ಗಂಡಸು, ಪ್ರಿನ್ಸಿಪಾಲರು ಅಟೆಂಡರು ಅನ್ನುವ ಭೇದವೇ ಇಲ್ಲ. "ಮೇಡಂ, ನಿಮ್ ಎಡಗಣ್ಣಲ್ಲಿ ಒಂದು ಮಚ್ಚೆ ಐತೆ, ಗೊತ್ತಾ?" ಎಂದು ಕೇಳಿದವರು ಅವರೊಬ್ಬರೇ. ನನ್ನ ಗಂಡನಿಗೂ ಅದು ಗೊತ್ತಿರಲಿಲ್ಲ. ಮನೆಗೆ ಹೋಗಿ ಕನ್ನಡಿ ನೋಡಿಕೊಂಡೆ, ಇತ್ತು.

ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಹಾಗಾಗಿ ನಾನು ಛಂದಸ್ಸು ಹೇಳುತ್ತಿದ್ದರೂ ಕಿವಿ ಆಚೆ ಇರುತ್ತಿತ್ತು. ಪ್ರತಿವರ್ಷ ಒಂದು ದಿನ ಸಿಲಬಸ್ಸು ಪಕ್ಕಕ್ಕಿಟ್ಟು ಕಣ್ಣಿನ ಪಾಠ ಮಾಡುತ್ತಿದ್ದರು. ಅದು ನನಗೆ ಬಾಯಿಪಾಠವಾಗಿಹೋಗಿದೆ.

"ಕುರಿಗೆ ಕಣ್ಣೈತೆ. ಈ ಸೀಸೇಲಿ ಮುದುರಿಕೊಂಡು ಕೂತಿದ್ಯಲ್ಲ ಆಕ್ಟೋಪಸ್ಸು, ಇದಕ್ಕೂ ಐತೆ. ಎರಡನ್ನೂ ಕೊಯ್ದು ನೋಡಿ, ಒಳಗೆ ಅದೇ ಮಸೂರ, ಅದೇ ಪರದೆ. ನೆಂಟರೇನ್ರೋ ಇಬ್ರೂ?"

"ಅಲ್ಲ ಸಾರ್!"

"ಬಹಳ ದೂರದ ನೆಂಟ್ರು. ಇಬ್ರಿಗೂ ಒಬ್ಬ ಮುತ್ತಾತ ಇದ್ದ, ಅವನಿಗೆ ಕಣ್ಣು ಅಂತ ಇದ್ದಿದ್ದು ಬೆಳಕು ಕತ್ತಲೆ ಗೊತ್ತಾಗೋ ಒಂದು ಚುಕ್ಕೆ ಅಷ್ಟೇ. ಆಮೇಲೆ ಇವನು ಇವನ ದಾರೀಲಿ ಕಣ್ಣು ಕಟ್ಕೊಂಡ, ಅವನು ಅವನ ದಾರೀಲಿ ಕಟ್ಕೊಂಡ. ಜೇಡ ಬೇರೆ, ನೊಣ ಬೇರೆ, ಕೆರೆ ಬಸವನಹುಳು ಬೇರೆ. ಕಟ್ಟಿದ ಮನೆಗಳು ಬೇರೆ ಬೇರೆ ಕಣ್ರೋ, ಆದ್ರೆ ಕೆಲಸ ಹಚ್ಚಿದ ಮೇಸ್ತ್ರಿ ಒಬ್ಬನೇ. ಅವನೊಂದು ಜೀನು. ಎಲ್ಲರ ಹತ್ರಾನೂ ಅದೇ ಹಳೇ ಮೇಸ್ತ್ರಿ."

ಆಮೇಲೆ ನೊಣದ ಸೀಸೆ ಎತ್ತಿ ಹಿಡಿಯುತ್ತಿದ್ದರು ಅಂತ ಕಾಣುತ್ತದೆ. ಮುಂದಿನ ಬೆಂಚಿನ ಹುಡುಗಿಯರು ಥೂ ಅನ್ನುತ್ತಿದ್ದರು. "ಇಲೀದು ಆ ಜೀನು ತಂದು ನೊಣದ ಕಾಲಲ್ಲಿ ಕೆಲಸಕ್ಕೆ ಹಚ್ಚಿದ್ರು. ಕಾಲ ಮೇಲೆ ಕಣ್ಣು ಬಂತು. ಯಾರ ಕಣ್ಣು?"

"ಇಲಿ ಕಣ್ಣು ಸಾರ್!"

"ಅಲ್ಲ! ನೊಣದ್ದೇ ಕಣ್ಣು. ಮೇಸ್ತ್ರಿ ಇಲಿ ಊರಿಂದ ಬಂದಿದ್ರೂ ಕಲ್ಲು ಇಟ್ಟಿಗೆ ಎಲ್ಲ ನೊಣದ್ದು. ಹಂಗಾದ್ರೆ ಕಣ್ಣು ಒಂದೇ ಸಲ ಹುಟ್ಟಿದ್ದಾ, ಸುಮಾರು ಸಲ ಹುಟ್ಟಿದ್ದಾ? ದೊಡ್ಡೋರು ಇನ್ನೂ ಜಗಳ ಆಡ್ತಾನೇ ಅವ್ರೆ. ನೀವೂ ಆಡಿ."

ಕೊನೆಗೆ, ಆ ಮೇಸ್ತ್ರಿ ಕೈಕೊಟ್ಟರೆ ಏನಾಗುತ್ತದೆ ಅನ್ನುವುದು. ನೊಣಕ್ಕೆ ಕಣ್ಣೇ ಬರುವುದಿಲ್ಲ. ಮನುಷ್ಯನಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎರಡು ಪ್ರತಿ ಇರುತ್ತವೆ; ಒಂದು ಕೆಟ್ಟಿದ್ದರೂ ಕಣ್ಣಿನ ನಡುವಿನ ಕರಿಬೊಟ್ಟಿನ ಸುತ್ತ ಇರುವ ಕಂದು ಬಳೆ ಕಟ್ಟುವುದೇ ಇಲ್ಲ, ಇಡೀ ಗುಡ್ಡೆ ಕಪ್ಪಾಗಿ ಕಾಣುತ್ತದೆ, ಬಿಸಿಲು ಒಂದಿಷ್ಟೂ ತಡೆಯುವುದಿಲ್ಲ. "ಅಂಥೋರು ಲಕ್ಷಕ್ಕೊಬ್ರೋ ಇಬ್ರೋ. ನಾನಂತೂ ಒಬ್ರನ್ನೂ ನೋಡಿಲ್ಲಪ್ಪ," ಎಂದು ಪಾಠ ಮುಗಿಸುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಅವರನ್ನು ಕಂಡರೆ ಎಲ್ಲರಿಗೂ ಅಸಹ್ಯ. ಆದರೆ ನನ್ನ ಅಸಹ್ಯಕ್ಕೆ ನನ್ನ ಮೂಗು ಕಾರಣ. ಉಳಿದವರದು ಬೇರೆ. ಸೀಸೆಗಳು ಇಲ್ಲದ ಬೇಸಿಗೆ ರಜೆಯ ಮೀಟಿಂಗುಗಳಲ್ಲೂ ಅವರ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಮಡಕೆಯ ನೀರು ಕುಡಿಯದೆ ಅವರು ತಮ್ಮದೇ ಬಾಟಲಿ ತರುತ್ತಿದ್ದರು, ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಅವರ ಮನೆಯಲ್ಲಿ ಬುದ್ಧನ ಪಟವಿದೆ ಅನ್ನುವುದನ್ನು ಕೆಮಿಸ್ಟ್ರಿಯವರು ಪಿಸುದನಿಯಲ್ಲಿ, ಏನೋ ರೋಗದ ಸುದ್ದಿ ಹೇಳುವ ಹಾಗೆ ನನಗೆ ಹೇಳಿದ್ದರು. ಪಿಎಚ್.ಡಿ. ಮಾಡಿದ ಬಾಯಿಂದ ಆ ಪಿಸುದನಿ ಬಂದದ್ದು ಕೊಳೆತ ಟೊಮೆಟೊಗಿಂತ ಹೆಚ್ಚು ನಾತ ಹೊಡೆಯಿತು.

ಮೇಷ್ಟ್ರ ಪಾಠ, ನನ್ನ ಪಾಠ ಎರಡನ್ನೂ ಕೇಳಿದ ವಿದ್ಯಾರ್ಥಿನಿ ಒಬ್ಬಳಿದ್ದಳು. ಶೋಭಾ ಅಂದುಕೊಳ್ಳಿ. ಕೈವಾರದ ಹತ್ತಿರದ ಹಳ್ಳಿಯವಳು, ಚೂಟಿ. ಸೆಕೆಂಡ್ ಪಿಯುಸಿ ಮುಗಿಯುತ್ತಿದ್ದಂತೆ ಶಿಡ್ಲಘಟ್ಟದಲ್ಲೇ ಗೂಡು ಬೇಯಿಸಿ ನೂಲು ತೆಗೆಯುವ ದೊಡ್ಡ ಮನೆಗೆ ಮದುವೆ ಮಾಡಿಕೊಟ್ಟರು. ಆ ಮನೆಯ ಯಜಮಾನ ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಯ ಸದಸ್ಯ, ಜಮೀನು, ಮಿಷನ್ನು, ಮಾತು ಎಲ್ಲ ಇದ್ದವನು. ಅಪ್ಪ ಮಗ ಇಬ್ಬರೂ ಯಾವಾಗಲೂ ಕಪ್ಪು ಕನ್ನಡಕ ಹಾಕುತ್ತಿದ್ದರು. ಗೂಡಿನ ಹಬೆ ಹೊಡೆದೂ ಹೊಡೆದೂ ಕಣ್ಣು ಹಾಳಾಗಿದೆ ಅನ್ನುತ್ತಿದ್ದರು. ಆ ಊರಲ್ಲಿ ಕಣ್ಣು ಕೆಂಪಾಗದ ಮನೆಯೇ ಇಲ್ಲ, ಎಲ್ಲರೂ ನಂಬಿದರು.

ಹೆಣ್ಣು ನೋಡಲು ಬಂದ ದಿನ ಹುಡುಗ ಕನ್ನಡಕ ತೆಗೆಯಲಿಲ್ಲವಂತೆ. "ಮದ್ರಾಸ್ ಐ ಆಗಿದೆ" ಎಂದರಂತೆ. ನಮ್ಮ ಕಡೆ ಮದ್ರಾಸ್ ಐ ಅಂದರೆ ಮುಗಿಯಿತು, ಆ ಕಣ್ಣನ್ನು ನೋಡಿದರೇ ಅಂಟಿಕೊಳ್ಳುತ್ತದೆ ಅಂತ ಎಲ್ಲರೂ ತಲೆ ತಗ್ಗಿಸುತ್ತಾರೆ. ಹುಡುಗಿಯ ಅಪ್ಪ ಅಮ್ಮ, ಸೋದರಮಾವ, ಮದುವೆ ಕುದುರಿಸಿದವರು, ಎಲ್ಲರೂ ನೆಲ ನೋಡಿಕೊಂಡು ಮದುವೆ ಮಾತು ಮುಗಿಸಿದರು. ಧಾರೆಯ ದಿನ ನಾನೂ ಹೋಗಿದ್ದೆ. ಬಾಸಿಂಗದ ಕೆಳಗೆ ಕಪ್ಪು ಕನ್ನಡಕ. ಇನ್ನೂ ವಾಸಿಯಾಗಿಲ್ಲ ಪಾಪ ಎಂದರು ಬೀಗರು, ನಾವು ಹೋಳಿಗೆ ಹಾಕಿಸಿಕೊಂಡೆವು.

ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ ಆಗ. ಒಂದು ದಿನ ಮಧ್ಯಾಹ್ನ ಶೋಭಾ ಟವೆಲಿನಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಸ್ಟಾಫ್ ರೂಮಿಗೆ ಬಂದಳು. ಗಂಡನ ಮನೆಯವರು ತವರಿಗೆ ಕಳಿಸಿಬಿಟ್ಟಿದ್ದರು. ಹೆಣ್ಣು ಮಗು, ಬೆಳಕಿಗೆ ಕಣ್ಣು ಬಿಡುವುದಿಲ್ಲ, ಬಿಟ್ಟರೆ ಗುಡ್ಡೆ ನಿಲ್ಲದೆ ಅದುರುತ್ತದೆ. ಬಸುರಿಯಿದ್ದಾಗ ಗ್ರಹಣ ಕಂಡಳು, ಅದಕ್ಕೇ ಹೀಗಾಯಿತು ಎಂದು ಅತ್ತೆ ಊರೆಲ್ಲ ಹೇಳಿದ್ದಳು.

"ಆವತ್ತು ಗ್ರಹಣ ಅಂತ ಕೆಲಸದೋರು ಯಾರೂ ಬಂದಿರ್ಲಿಲ್ಲ ಮಿಸ್. ಒಲೆ ಮೇಲೆ ಗೂಡು ಬೇಯ್ತಾ ಇತ್ತು, ಬಿಟ್ರೆ ಎಲ್ಲ ಹಾಳಾಗ್ತದೆ ಬಾರೇ ಅಂತ ಅತ್ತೇನೇ ಅಂಗಳ ದಾಟಿಸಿ ಕರೆದಿದ್ರು. ಈಗ ನಾನೇ ಗರ್ವ ಮಾಡ್ಕೊಂಡು ಹೊರಗೆ ಹೋದೆ ಅಂತಾರೆ," ಎಂದಳು. ಅಳಲಿಲ್ಲ. "ಅವ್ರಿಗೆ ಬೇರೆ ಹೆಣ್ಣು ನೋಡ್ತಾ ಅವ್ರೆ."

ಮೇಷ್ಟ್ರು ಸೀಸೆಯ ಹತ್ತಿರ ನಿಂತಿದ್ದವರು ಬಂದು, ಮಾಮೂಲಿನಂತೆ ಮುಖ ಹತ್ತಿರ ತಂದು, ಮಗುವಿನ ಕಣ್ಣು ನೋಡಿದರು. ಕೈಯಿಂದ ಕಿಟಕಿಯ ಬೆಳಕಿಗೆ ಮರೆ ಮಾಡಿ ಇನ್ನೊಮ್ಮೆ ನೋಡಿದರು. ನನಗೂ ತೋರಿಸಿದರು. ಕಂದು ಬಳೆ ಇರಲಿಲ್ಲ.

"ನಿನ್ ಯಜಮಾನ್ರು ಮನೇಲಿ ಕನ್ನಡಕ ತೆಗೀತಾರೇನಮ್ಮ?"

"ತೆಗೀತಾರೆ ಸಾರ್. ಅವ್ರಿಗೂ ಹಿಂಗೇ ಕಪ್ಪಗಿದೆ. ಮಾವಂಗೂ. ಹಬೇಗೆ ಆಗಿದ್ದು ಅಂದ್ರು."

"ನನ್ ಪಾಠ ಕೇಳಿದ್ಯಲ್ಲಮ್ಮ ನೀನು," ಎಂದರು ಮೇಷ್ಟ್ರು. ಬೈಗುಳದ ಧ್ವನಿ ಅದರಲ್ಲಿ ಇರಲಿಲ್ಲ. ಅವಳು ಗಂಡನ ಕಣ್ಣನ್ನು ಒಮ್ಮೆ, ಮಾವನ ಕಣ್ಣನ್ನು ಒಮ್ಮೆ, ಮಗುವಿನ ಕಣ್ಣನ್ನು ಒಮ್ಮೆ ನೆನಪಿಸಿಕೊಂಡಿರಬೇಕು. ಆಗ ಅತ್ತಳು.

ಮಾರನೆಯ ದಿನವೇ ಅವಳ ಗಂಡನ ಮನೆಗೆ ಹೋಗೋಣ ಎಂದರು ಮೇಷ್ಟ್ರು. ಅವಳನ್ನು ವಾಪಸು ಕರೆಸಿಕೊಳ್ಳಬೇಕು, ಅದಕ್ಕಿಂತ ಮೊದಲು ಅವಳ ಮೇಲಿನ ಆ ಮಾತು ಹೋಗಬೇಕು. ಒಬ್ಬರೇ ಹೋದರೆ ಒಳಗೆ ಬಿಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು, ನನ್ನನ್ನು ಜೊತೆಗೆ ಕರೆದರು.

ನಡುಮನೆಯಲ್ಲಿ ಯಜಮಾನ, ಅವನ ಹೆಂಡತಿ, ಮೂಲೆಯಲ್ಲಿ ಮಗ. ಕಿಟಕಿಗೆಲ್ಲ ದಪ್ಪ ಪರದೆ. ಕಾಫಿ ಬಂತು. ನನಗೆ ಬೆಳ್ಳಿಯ ಹಾಗೆ ತಿಕ್ಕಿದ ಸ್ಟೀಲ್ ಲೋಟ, ಮೇಷ್ಟ್ರಿಗೆ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಲೋಟ. ಕುದಿಯುವ ಕಾಫಿ, ಹಿಡಿದ ಬೆರಳು ಸುಡುತ್ತಿರಬೇಕು. ಅವರು ಎರಡು ಕೈಯಲ್ಲಿ ಹಿಡಿದುಕೊಂಡು ಕುಡಿದರು. ನಾನು ಆ ಮನೆಯ ಕಾಫಿ ಕುಡಿಯಲಿಲ್ಲ. ಲೋಟವನ್ನು ಹಾಗೇ ಕೆಳಗಿಟ್ಟೆ.

"ಯಜಮಾನ್ರೇ, ಒಂದ್ಸಲ ಕನ್ನಡಕ ತೆಗೀರಿ," ಎಂದರು ಮೇಷ್ಟ್ರು.

"ಯಾಕೆ?"

"ಮಗೂದು ಯಾರ ಕಣ್ಣು ಅಂತ ಎಲ್ಲರಿಗೂ ಗೊತ್ತಾಗ್ಲಿ."

ಹೆಂಡತಿ ಬಾಯಿ ಹಾಕಿದಳು. "ಗ್ರಹಣದಾಗೆ ಓಡಾಡಿದ್ಳು ಸಾರ್. ಅಯ್ಯೋ ದೇವುಡಾ, ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

"ಕರೆದೋರು ಯಾರಮ್ಮ?" ಎಂದೆ ನಾನು. ಅವಳು ಸೆರಗು ಸರಿಮಾಡಿಕೊಂಡಳು.

ಮೇಷ್ಟ್ರು ಪಾಠದ ಧ್ವನಿಯಲ್ಲೇ ಹೇಳಿದರು. "ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಹಬೇಗೂ ಇಲ್ಲ. ವರ್ಷಾ ವರ್ಷಾ ನಾನು ಪಾಠ ಮಾಡೋದು, ನೂರು ಥರದ ಕಣ್ಣಿಗೆ ಮೇಸ್ತ್ರಿ ಒಬ್ಬನೇ ಅಂತ. ನಿಮ್ಮನೇಲಿ ಒಂದೇ ಥರದ ಮೂರು ಜೊತೆ ಕಣ್ಣವೆ, ನೀವು ಗಂಡಸ್ರಿಗೆ ಹಬೆ ಅಂತೀರಿ, ಮಗೂಗೆ ಗ್ರಹಣ ಅಂತೀರಿ. ತಾತನಿಂದ ಅಪ್ಪಂಗೆ, ಅಪ್ಪನಿಂದ ಮಗೂಗೆ ಬಂದಿದೆ. ತಪ್ಪು ಯಾರ್ದೂ ಅಲ್ಲ, ನಿಮ್ದೂ ಅಲ್ಲ. ಆದ್ರೆ ಆ ಹುಡ್ಗೀದಂತೂ ಅಲ್ವೇ ಅಲ್ಲ. ಕರ್ಕೊಂಡು ಬನ್ನಿ. ಇಂಥ ಕಣ್ಣಲ್ಲಿ ಒತ್ತಡ ಏರ್ತದೆ, ಮೂರೂ ಜನ ಡಾಕ್ಟ್ರಿಗೆ ತೋರಿಸ್ತಾ ಇರ್ಬೇಕು."

ಮೂಲೆಯಲ್ಲಿದ್ದ ಮಗ ಕನ್ನಡಕಕ್ಕೆ ಕೈ ಹಾಕಿದ. ತೆಗೆಯುತ್ತಿದ್ದನೋ ಏನೋ. ಅಪ್ಪ ಅವನ ಕಡೆ ತಿರುಗಿದ, ಕೈ ಕೆಳಗಿಳಿಯಿತು.

"ನಮ್ಮ ರಕ್ತ ಕೆಟ್ಟಿದೆ ಅನ್ನಕ್ಕೆ ಬಂದಿದ್ದೀಯಾ?" ಎಂದ ಯಜಮಾನ. "ನೀನು? ನಮ್ಮ ರಕ್ತದ ವಿಷಯ ನೀನು ಹೇಳೋದಾ? ನಡುಮನೇಲಿ ಕೂತಿರೋದೇ ಹೆಚ್ಚು, ಎದ್ದೋಗಯ್ಯ."

ಇಷ್ಟು ಹೊತ್ತು ಸಾರ್, ಮೇಷ್ಟ್ರೇ ಎಂದಿದ್ದ ಬಾಯಿ. ನನಗೆ ಮೈಯೆಲ್ಲ ಜಿರಲೆ ಹರಿದ ಹಾಗಾಯಿತು. ಕುರಿಗಣ್ಣಿಗೆ ವಾಂತಿ ಮಾಡಿಕೊಂಡವಳು ನಾನು. ಆದರೆ ಜೀವನದಲ್ಲಿ ನಿಜವಾದ ಹೇಸಿಗೆ ಅಂದರೆ ಏನೆಂದು ತಿಳಿದದ್ದು ಪಾಲಿಶ್ ಮಾಡಿದ ಆ ನಡುಮನೆಯ ಕೆಂಪು ನೆಲದ ಮೇಲೆ.

ಮೇಷ್ಟ್ರು ಎದ್ದರು. ಪ್ಲಾಸ್ಟಿಕ್ ಲೋಟ ಎಲ್ಲಿ ಬಿಸಾಡಬೇಕೆಂದು ಯಾರೂ ಹೇಳಲಿಲ್ಲ. ಅದನ್ನು ಕೈಯಲ್ಲೇ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದರು. "ಬಿಸಾಕಿ ಸಾರ್ ಅದನ್ನ!" ಎಂದು ರಸ್ತೆಯಲ್ಲೇ ಕೂಗಿದೆ. ಅವರು ಲೋಟವನ್ನು ನೋಡಿಕೊಂಡು, "ಕನ್ನಡಕ ತೆಗೀಲೇ ಇಲ್ಲ ನೋಡಿ ಮೇಡಂ," ಎಂದರು. ಅವರ ಕೊರಗು ಅದೊಂದೇ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ, ನೆನೆಸಿಕೊಂಡರೆ ಬಾಯಿ ಕಹಿಯಾಗುತ್ತದೆ. ಸಮಿತಿಯ ಸಭೆಯಲ್ಲಿ ದೂರು ಬಂತು: ಈ ಮೇಷ್ಟ್ರು ಕೊಳೆತದ್ದು ತಂದು ಕಾಲೇಜು ಗಲೀಜು ಮಾಡುತ್ತಾರೆ, ಕಂಡವರ ಮನೆಗೆ ಹೋಗಿ ಹೆಂಗಸರ ಮುಂದೆ ಹೊಲಸು ಮಾತಾಡುತ್ತಾರೆ. ಪ್ರಿನ್ಸಿಪಾಲರು ತಲೆ ಆಡಿಸಿದರು. ಕೆಮಿಸ್ಟ್ರಿಯವರು, ವಾಸನೆಯಂತೂ ನಿಜ ಎಂದರು. ನಾನು ಎದ್ದು ಕೂಗಾಡಿದೆ. "ಕೂತ್ಕೊಳ್ಳಿ ಮೇಡಂ, ನಿಮಗೇ ವಾಂತಿಯಾಗಿತ್ತಲ್ಲ" ಎಂದರು ಪ್ರಿನ್ಸಿಪಾಲರು. ಮೇಷ್ಟ್ರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಅವರು ಹೋದ ದಿನವೇ ಸೀಸೆಗಳು ಚರಂಡಿ ಸೇರಿದವು. ಕಿಟಕಿಯ ಕಟ್ಟೆಗೆ ಫಿನಾಯಿಲ್ ಹಾಕಿ ತೊಳೆಸಿದರು, ಜೊತೆಗೆ ಅವರ ಕುರ್ಚಿಯನ್ನೂ ತೊಳೆಸಿದರು. ಕುರ್ಚಿಯ ಮೇಲೆ ಯಾವ ಟೊಮೆಟೊ ಇತ್ತು?

ಶೋಭಾಳ ಗಂಡನಿಗೆ ಬೆಟ್ಟದ ದೇವಸ್ಥಾನದಲ್ಲಿ ಸದ್ದಿಲ್ಲದೆ ಇನ್ನೊಂದು ಮದುವೆ ಮಾಡಿದರು. ಶೋಭಾ ತವರಿನಲ್ಲಿದ್ದುಕೊಂಡು ಕೈವಾರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳತೊಡಗಿದಳು. ಮೇಷ್ಟ್ರು ಗೌರಿಬಿದನೂರಿನಿಂದ ರಜೆ ಹಾಕಿ ಬಂದು, ಆಗಾಗ ತಾಯಿ ಮಗುವನ್ನು ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಎರಡನೆಯ ಹೆಂಡತಿಗೂ ಮಗುವಾಯಿತು. ಅದಕ್ಕೂ ಅದೇ ಕಣ್ಣು. ಆ ವರ್ಷ ಗ್ರಹಣ ಕಾಣಿಸಿರಲಿಲ್ಲ. ಬಸುರಿಗೆ ಹಬೆ ತಾಗಿತು ಎಂದರಂತೆ. ಆ ಬಾಯಿಗಳಿಗೆ ಯಾವತ್ತೂ ಕಾರಣದ ಬರ ಬಂದಿಲ್ಲ.

ಗೌರಿಬಿದನೂರಿನ ಸ್ಟಾಫ್ ರೂಮಿನಲ್ಲಿ ಕೂತಲ್ಲೇ ಎದೆ ನೋವು ಬಂದು ಮೇಷ್ಟ್ರು ಹೋದರು. ಬಹಳ ವರ್ಷ ಇಲ್ಲಿ ಪಾಠ ಮಾಡಿದವರು ಅಂತ ನಮ್ಮ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಚೆಂಡುಹೂವಿನ ಹಾರ ಹಾಕಿದ ಫೋಟೋ, ಊದುಬತ್ತಿ, ಸಭೆ ಮುಗಿದ ಮೇಲೆ ಬೋಂಡ. ಪ್ರಿನ್ಸಿಪಾಲರು, ನಾವೆಲ್ಲ ಒಂದೇ ಕುಟುಂಬದ ಹಾಗಿದ್ದೆವು ಎಂದರು. ಕೆಮಿಸ್ಟ್ರಿಯವರು, ಅವರ ಸರಳತೆ ಎಂದರು. ನಾನು ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕೂತಿದ್ದೆ, ಅಳುತ್ತಿದ್ದೇನೆ ಅಂದುಕೊಂಡರು.

ಕೊನೆಗೆ ಸಮಿತಿಯ ಅಧ್ಯಕ್ಷರು. ಅಷ್ಟರಲ್ಲಿ ಆ ಯಜಮಾನನೇ ಅಧ್ಯಕ್ಷನಾಗಿದ್ದ. ಮೈಕು ಹಿಡಿದು, "ನಮ್ಮನೆಗೆ ಬಂದಿದ್ರು, ಕಾಫಿ ಕುಡಿದಿದ್ರು, ಅಂಥ ಮನುಷ್ಯ..." ಎಂದು, ಮಾತು ನಿಲ್ಲಿಸಿ, ಕರ್ಚೀಫು ತೆಗೆದು, ಕಣ್ಣೊರೆಸಿಕೊಳ್ಳಲು ಕಪ್ಪು ಕನ್ನಡಕ ತೆಗೆದ.

ಶೋಭಾ ಆಗಲೇ ಫೋಟೋಗೆ ಹೂ ಹಾಕಲು ಮಗುವನ್ನು ನಡೆಸಿಕೊಂಡು ಮುಂದೆ ಬಂದಿದ್ದಳು. ಮಗುವಿಗೆ ದೊಡ್ಡ ಟೋಪಿ, ಪುಟ್ಟ ಕಪ್ಪು ಕನ್ನಡಕ. ವೇದಿಕೆಯ ಹತ್ತಿರ ಬಂದವಳು ಯಜಮಾನನನ್ನು ನೋಡಿ ನಿಂತಳು. ಬಗ್ಗಿ ಮಗುವಿನ ಕನ್ನಡಕ ತೆಗೆದಳು.

"ಇವ್ರೇ ಕಣಮ್ಮ ನಿಮ್ ತಾತ. ನೋಡ್ಕೋ."

ಮಗು ಕಣ್ಣು ಕಿರಿದು ಮಾಡಿ ಮೇಲೆ ನೋಡಿತು. ಮೇಲಿನವನೂ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೆಳಗೆ ನೋಡಿದ. ಎರಡು ಜೊತೆ ಗುಡ್ಡೆಗಳೂ ಒಂದೇ ಥರ ಅದುರುತ್ತಿದ್ದವು. ಮೊದಲ ಸಾಲಿನವರೆಲ್ಲ ಕತ್ತು ಮೇಲೆತ್ತಿ, ಕತ್ತು ಕೆಳಗಿಳಿಸಿ ನೋಡಿದರು. ಆವತ್ತು ಯಾರೂ ನೆಲ ನೋಡಲಿಲ್ಲ.

"ತಾತಾ, ನಿಂಗೂ ಬಿಸ್ಲು ಆಗಲ್ವಾ?" ಎಂದಿತು ಮಗು.

ಕನ್ನಡಕ ಒಂದು ಕೈಯಲ್ಲಿತ್ತು, ಮೈಕು ಇನ್ನೊಂದರಲ್ಲಿತ್ತು. ಯಾವುದನ್ನು ಕೆಳಗಿಡುವುದೆಂದು ಅವನಿಗೆ ತಿಳಿಯಲಿಲ್ಲ.

"ಆಗಲ್ಲ ಕಣಮ್ಮ," ಎಂದ. "ಹುಟ್ದಾಗಿಂದ ಆಗಲ್ಲ."

ಮೈಕಿನಲ್ಲಿ ಸಭೆಯ ನಾಲ್ಕು ಮೂಲೆಗೂ ಕೇಳಿಸಿತು. ಆ ನಡುಮನೆಯಲ್ಲಿ ಮೇಷ್ಟ್ರು ಪ್ಲಾಸ್ಟಿಕ್ ಲೋಟ ಹಿಡಿದು ಕೂತು ಒಪ್ಪಿಕೊಳ್ಳಿ ಎಂದು ಕೇಳಿದ್ದು ಇದಿಷ್ಟನ್ನೇ. ಶೋಭಾ ಮಗುವಿಗೆ ಕನ್ನಡಕ ಹಾಕಿ, ಅದರ ಕೈಯಿಂದ ಫೋಟೋಗೆ ಹೂ ಹಾಕಿಸಿ, ಹೊರಟುಹೋದಳು. ಪ್ರಿನ್ಸಿಪಾಲರು ಎದ್ದು, ಎಲ್ಲರೂ ಬೋಂಡ ತೆಗೆದುಕೊಂಡು ಹೋಗಬೇಕು ಎಂದರು.